72 ಗಜದ ಸಂಸಾರ, 42 ರೂಪಾಯಿಯ ಅಂಗಿ

ದುಡಿಯುವವರ ಸಂಸಾರಕ್ಕೆ ವರ್ಷಕ್ಕೆ ಎಷ್ಟು ಬಟ್ಟೆ ಬೇಕು? 72 ಗಜ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ತಲೆಗೆ 18 ಗಜದಂತೆ. ಇದು ನನ್ನ ಅಂದಾಜಲ್ಲ. 1957ರ ಜುಲೈನಲ್ಲಿ ದೆಹಲಿಯಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಒಟ್ಟಿಗೆ ಕೂತು ಒಪ್ಪಿದ ಅಳತೆ. ಕನಿಷ್ಠ ಕೂಲಿಯನ್ನು ಬಾಯಿಗೆ ಬಂದಂತೆ ಹೇಳದೆ ಲೆಕ್ಕ ಹಾಕಿ ಹೇಳಬೇಕು ಎಂಬುದು ಅವರ ಉದ್ದೇಶವಾಗಿತ್ತು. ಊಟಕ್ಕೆ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ, ಉಡಲು 72 ಗಜ, ತಲೆಯ ಮೇಲೊಂದು ಸೂರು, ಸೌದೆ ದೀಪ ಇತ್ಯಾದಿಗೆ ಒಟ್ಟು ಕೂಲಿಯಲ್ಲಿ ಶೇ 20. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೂ ಖರ್ಚಿದೆ ಎಂಬುದು ಲೆಕ್ಕಕ್ಕೆ ಸೇರಲು ಇನ್ನೂ 34 ವರ್ಷ ಬೇಕಾಯಿತು. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆಂದು ಮತ್ತೆ ಶೇ 25 ಸೇರಿಸಿತು.

ಈ ಸೂತ್ರದ ಒಳಗೊಂದು ಸಣ್ಣ ಅಂಕಿ ಇದೆ. ದುಡಿಯುವ ಗಂಡಸು 1 ಯೂನಿಟ್, ಮನೆಯ ಹೆಂಗಸು 0.8, ಮಕ್ಕಳು ತಲಾ 0.6. ಕೂಡಿದರೆ ಸರಿಯಾಗಿ 3. ಹೆಂಗಸಿನ ಸಂಪಾದನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದೂ ಬರೆದಿದ್ದರು. ಉದ್ದೇಶ ಒಳ್ಳೆಯದೇ: ಒಬ್ಬನ ಕೂಲಿಯಲ್ಲಿ ಮನೆ ನಡೆಯಬೇಕು. ಆದರೆ ಅವರ ಕಣ್ಣ ಮುಂದಿದ್ದ ಕಾರ್ಮಿಕ ಗಂಡಸು.

ಈಗ ಬೆಳಗ್ಗೆ ಎಂಟೂವರೆಗೆ ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಮೈಸೂರು ರಸ್ತೆಯಲ್ಲೋ ನಿಂತು ನೋಡಿ. ಗೇಟು ಮುಚ್ಚುವ ಮೊದಲು ಒಳಗೆ ಸೇರಬೇಕೆಂದು ಊಟದ ಡಬ್ಬಿ ಹಿಡಿದು ಓಡುನಡಿಗೆಯಲ್ಲಿ ಹೋಗುವವರಲ್ಲಿ ಹೆಚ್ಚಿನವರು ಆ 0.8 ಯೂನಿಟ್‌ಗಳು. ಕರ್ನಾಟಕದ ಗಾರ್ಮೆಂಟ್ಸ್‌ಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ನೂರಕ್ಕೆ 80ಕ್ಕಿಂತ ಹೆಚ್ಚು ಹೆಂಗಸರು. ಅನೇಕ ಮನೆಗಳಲ್ಲಿ ತಿಂಗಳಿಗೆ ತಪ್ಪದೆ ಬರುವ ಸಂಬಳ ಅದೊಂದೇ.

ಇಂಥವರು ಹೊಲಿಯುವ ಒಂದು ಅಂಗಿಯ ಲೆಕ್ಕ ತೆಗೆಯೋಣ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಅಂಕಿ ನಾನು ಹಿಡಿದುಕೊಂಡವು. ಎಲ್ಲೆಲ್ಲಿ ಹಾಗೆ ಮಾಡಿದ್ದೇನೋ ಅಲ್ಲಲ್ಲಿ ಹೇಳುತ್ತೇನೆ. ಒಪ್ಪದವರು ತಮ್ಮ ಅಂಕಿ ಹಾಕಿಕೊಂಡು ಗುಣಿಸಿ ನೋಡಬಹುದು.

ಸಂಬಳ ತಿಂಗಳಿಗೆ 13,000 ರೂಪಾಯಿ ಎಂದು ಹಿಡಿಯುತ್ತೇನೆ. ವಲಯ, ದರ್ಜೆ, ವರ್ಷ ನೋಡಿ ಸಾವಿರ ಆಚೀಚೆ ಆಗುತ್ತದೆ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 62 ರೂಪಾಯಿ 50 ಪೈಸೆ. ನಿಮಿಷಕ್ಕೆ 1 ರೂಪಾಯಿ 4 ಪೈಸೆ.

ನಿಮಿಷದವರೆಗೆ ಇಳಿದದ್ದು ನನ್ನ ಚಪಲದಿಂದಲ್ಲ, ಕಾರ್ಖಾನೆಯೇ ಹಾಗೆ ಲೆಕ್ಕ ಹಾಕುತ್ತದೆ. ಅಲ್ಲಿ ಪ್ರತಿ ಉಡುಪಿಗೂ ಒಂದು 'ಸ್ಯಾಮ್' ಇರುತ್ತದೆ: ಕಾಲರ್ ಕೂಡಿಸಲು ಇಷ್ಟು ಸೆಕೆಂಡು, ಕಫ್‌ಗೆ ಇಷ್ಟು, ಜೇಬಿಗೆ ಇಷ್ಟು ಎಂದು ಸ್ಟಾಪ್‌ವಾಚ್ ಹಿಡಿದು ಗೊತ್ತುಮಾಡಿದ ಒಟ್ಟು ನಿಮಿಷ. ಉದ್ದ ತೋಳಿನ ಅಂಗಿಗೆ 20 ನಿಮಿಷದ ಆಸುಪಾಸು. ಸ್ಟಾಪ್‌ವಾಚ್‌ನ ನಿಮಿಷವೇ ಬೇರೆ, ನಿಜದ ನಿಮಿಷವೇ ಬೇರೆ. ದಾರ ಕಡಿಯುತ್ತದೆ, ಮಷೀನು ಕೆಡುತ್ತದೆ, ಹಿಂದಿನ ಮಷೀನಿನಿಂದ ಪೀಸ್ ಬರುವುದಿಲ್ಲ, ಚೆಕ್ಕರ್ ವಾಪಸ್ ಕಳಿಸುತ್ತಾಳೆ. ಲೈನಿನ ಎಫಿಷಿಯನ್ಸಿ ಶೇ 50 ಎಂದು ಹಿಡಿಯುತ್ತೇನೆ. ಆಗ ಅಂಗಿಗೆ 40 ನಿಮಿಷ, ಅಂದರೆ ಸುಮಾರು 42 ರೂಪಾಯಿ ಹೊಲಿಗೆಕೂಲಿ. ಕಟಿಂಗ್, ಇಸ್ತ್ರಿ, ಪ್ಯಾಕಿಂಗ್ ಇದರಲ್ಲಿ ಸೇರಿಲ್ಲ. ಅವನ್ನೂ ಮಾಲೀಕ ಕಟ್ಟುವ ಪಿಎಫ್, ಇಎಸ್‌ಐಯನ್ನೂ ಸೇರಿಸಿದರೆ 70ಕ್ಕೆ ಹೋಗಬಹುದು.

ಲೈನಿಗೆ 50 ಜನ ಎಂದು ಹಿಡಿಯುತ್ತೇನೆ. ಅವರಲ್ಲಿ ಯಾರೂ ಒಂದು ಅಂಗಿಯನ್ನು ಪೂರ್ತಿ ಹೊಲಿಯುವುದಿಲ್ಲ. ಒಬ್ಬಳು ದಿನವಿಡೀ ಕಫ್, ಇನ್ನೊಬ್ಬಳು ದಿನವಿಡೀ ಜೇಬು. ಅರ್ಧ ನಿಮಿಷದ ಕೆಲಸವಾದರೆ ಸ್ಟಾಪ್‌ವಾಚ್ ಪ್ರಕಾರ ಗಂಟೆಗೆ 120 ಪೀಸ್ ಟಾರ್ಗೆಟ್. ಲೈನಿನ ತುದಿಯ ಬೋರ್ಡಿನಲ್ಲಿ ಗಂಟೆಗೊಮ್ಮೆ ಅಂಕಿ ಬರೆಯುತ್ತಾರೆ, ಕಡಿಮೆ ಬಿದ್ದರೆ ಸೂಪರ್‌ವೈಸರ್ ಬಾಯಿ ತೆರೆಯುತ್ತಾನೆ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ಕುಡಿಯದೆ ಕೂರುವವರ ವಿಷಯ ಈ ಊರಿನ ಎಲ್ಲ ಕಾರ್ಮಿಕ ಸಂಘಗಳಿಗೂ ಗೊತ್ತು. ಓಟಿ ಮಾಡಿಸಿದರೆ ಕಾನೂನಿನ ಪ್ರಕಾರ ದುಪ್ಪಟ್ಟು ಕೊಡಬೇಕು, ಅಂದರೆ ಗಂಟೆಗೆ 125. ಹಾಗಾಗಿ ಗಂಟೆ ಹೆಚ್ಚಿಸುವುದಕ್ಕಿಂತ ಟಾರ್ಗೆಟ್ ಹೆಚ್ಚಿಸುವುದು ಅಗ್ಗ.

50 ಜನ, ಎಂಟು ಗಂಟೆ, ತಲಾ 40 ನಿಮಿಷ: ದಿನಕ್ಕೆ 600 ಅಂಗಿ. ಒಬ್ಬಳ ಪಾಲು 12. ಅಂಗಿಗೆ 1.6 ಮೀಟರ್ ಬಟ್ಟೆ ಎಂದರೆ ಒಬ್ಬಳ ಪಾಲಿಗೆ ದಿನಕ್ಕೆ 19 ಮೀಟರ್ ಚಿಲ್ಲರೆ. 72 ಗಜವನ್ನು ಮೀಟರಿಗೆ ತಿರುಗಿಸಿದರೆ 65.8. ಅವಳ ಸಂಸಾರ ವರ್ಷವಿಡೀ ಉಡಬೇಕೆಂದು ದೇಶ ಒಪ್ಪಿದ ಬಟ್ಟೆ ಅವಳ ಕೈಯಲ್ಲಿ ಮೂರೂವರೆ ದಿನದಲ್ಲಿ ಹೊಲಿದು ಮುಗಿಯುತ್ತದೆ.

ಅಂಗಿ ಈಗ ಹಡಗು ಹತ್ತಲಿ. ಕಾರ್ಖಾನೆಗೆ ಸಿಗುವ, ಹಡಗು ಹತ್ತಿಸುವವರೆಗಿನ (ಎಫ್‌ಒಬಿ) ಬೆಲೆ 600 ರೂಪಾಯಿ, ಯುರೋಪಿನ ಅಂಗಡಿಯಲ್ಲಿ ಚೀಟಿಯ ಮೇಲಿನ ಬೆಲೆ 30 ಯೂರೋ. ಎರಡೂ ನಾನು ಹಿಡಿದ ಅಂಕಿ, ಮಧ್ಯಮ ದರ್ಜೆಯ ಅಂಗಿಗೆ ದೂರದ್ದಲ್ಲ. ಯೂರೋಗೆ ಸುಲಭಕ್ಕೆ 100 ರೂಪಾಯಿ ಎಂದುಕೊಂಡರೆ 3,000. ಹೊಲಿದ ಕೈಗೆ ಅದರಲ್ಲಿ ಶೇ 1.4.

ಫ್ರಾನ್ಸಿನಲ್ಲಿ ಬಟ್ಟೆಯ ಮೇಲೆ ಶೇ 20 ವ್ಯಾಟ್. ಆ 3,000ದ ಒಳಗೇ 500 ರೂಪಾಯಿ ಅಲ್ಲಿನ ಸರ್ಕಾರದ ತೆರಿಗೆ. ಒಂದು ಅಂಗಿಗೆ ಅಲ್ಲಿ ಕಟ್ಟುವ ತೆರಿಗೆಯೂ ಇಲ್ಲಿ ಹೊಲಿದವಳ ಇಡೀ ದಿನದ ಕೂಲಿಯೂ ಒಂದೇ ಮೊತ್ತ. ಅದೇ ದಿನ ಅವಳ ಪಾಲಿನ 12 ಅಂಗಿಗೆ ಅಂಗಡಿಯ ಬೆಲೆ 36,000 ರೂಪಾಯಿ.

ನನ್ನ ಅಂಕಿ ನಂಬಿಕೆಗೆ ಬಾರದಿದ್ದರೆ ಯುರೋಪಿನ ಕ್ಲೀನ್ ಕ್ಲೋತ್ಸ್ ಕ್ಯಾಂಪೇನ್ ಸಂಘಟನೆ ಪ್ರಚಾರಕ್ಕೆ ತಂದ ಟಿ-ಶರ್ಟ್ ಲೆಕ್ಕ ನೋಡಿ. ಬೆಲೆ 29 ಯೂರೋ. ಅದರಲ್ಲಿ ಅಂಗಡಿಯ ಪಾಲು 17 ಯೂರೋ, ಬ್ರ್ಯಾಂಡಿನ ಲಾಭ 3.61, ಬಟ್ಟೆ ನೂಲು 3.40, ಸಾಗಣೆ 2.19, ಮಧ್ಯವರ್ತಿಗೆ 1.20, ಕಾರ್ಖಾನೆ ಮಾಲೀಕನ ಲಾಭ 1.15, ಕಾರ್ಖಾನೆಯ ಇತರ ಖರ್ಚು 0.27. ಹೊಲಿದವರಿಗೆ 0.18, ನೂರಕ್ಕೆ ಅರವತ್ತು ಪೈಸೆಯಷ್ಟು. ಕೂಡಿಸಿ ನೋಡಿದೆ, ಸರಿಯಾಗಿ 29 ಬರುತ್ತದೆ.

ಕೂಲಿ ಹೆಚ್ಚಿಸಿ ಅಂದರೆ ಮಾಲೀಕರು ಆಗುವುದಿಲ್ಲ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. 600 ರೂಪಾಯಿಯ ಅಂಗಿಯಲ್ಲಿ ಬಟ್ಟೆ, ಗುಂಡಿ, ದಾರಕ್ಕೇ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಮಾಲೀಕನಿಗೆ ಶೇ 5 ಉಳಿದರೆ 30 ರೂಪಾಯಿ. ಕೂಲಿಯನ್ನು ಒಂದೂವರೆ ಪಟ್ಟು ಮಾಡಿದರೆ ಹೊಲಿಗೆಗೇ 21 ರೂಪಾಯಿ ಹೆಚ್ಚು, ಉಳಿದ ವಿಭಾಗವೂ ಸೇರಿದರೆ 35. ಅವನ ಲಾಭ ಅಲ್ಲಿಗೆ ಸೊನ್ನೆ. ಅದೇ 35 ರೂಪಾಯಿಯನ್ನು 3,000ದ ಮೇಲೆ ಹಾಕಿ, ಶೇ 1.2. ಸೇಲಿನಲ್ಲಿ ಶೇ 40 ಕಡಿತ ಎಂದು ಬೋರ್ಡು ಹಾಕುವ ಅಂಗಡಿಗೆ ಅದು ಲೆಕ್ಕಕ್ಕೇ ಇಲ್ಲದ ಮೊತ್ತ. ಒಬ್ಬರ ಪುಟದಲ್ಲಿ ದಿವಾಳಿ, ಇನ್ನೊಬ್ಬರ ಪುಟದಲ್ಲಿ ಚಿಲ್ಲರೆ. ಬೆಲೆ ಗೊತ್ತುಮಾಡುವ ಅಧಿಕಾರ ಮಾತ್ರ ಎರಡನೆಯವರದು.

ಆ ಅಧಿಕಾರಕ್ಕೂ ಒಂದು ತಾರೀಖು ಇದೆ. 1974ರಿಂದ ಬಹುನೂಲು ಒಪ್ಪಂದದ ಕೆಳಗೆ ಶ್ರೀಮಂತ ದೇಶಗಳು ಇಂಥ ದೇಶದಿಂದ ಇಷ್ಟೇ ಬಟ್ಟೆ ಎಂದು ಕೋಟಾ ಇಟ್ಟಿದ್ದವು. 2005ರ ಜನವರಿ 1ರಂದು ಕೋಟಾ ಪೂರ್ತಿ ಹೋಯಿತು. ಅಂದಿನಿಂದ ಖರೀದಿದಾರ ಯಾವ ದೇಶದಿಂದ ಎಷ್ಟು ಬೇಕಾದರೂ ತರಿಸಬಹುದು. ಬೆಂಗಳೂರು ಒಪ್ಪದಿದ್ದರೆ ಢಾಕಾ, ಢಾಕಾ ಒಪ್ಪದಿದ್ದರೆ ಇನ್ನೊಂದು ಊರು. ಬಾಂಗ್ಲಾದೇಶದಲ್ಲಿ ಉಡುಪು ಕಾರ್ಮಿಕರ ಕನಿಷ್ಠ ಕೂಲಿ 2013ರ ಕೊನೆಗೆ 5,300 ಟಾಕಾ ಆಯಿತು. ಅದೇ ವರ್ಷ ಏಪ್ರಿಲ್ 24ರಂದು ಗಾರ್ಮೆಂಟ್ಸ್‌ಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತಿದ್ದರು. 2018ರ ಕೊನೆಯಲ್ಲಿ ಕೂಲಿ 8,000 ಟಾಕಾ. 2023ರಲ್ಲಿ 23,000 ಕೊಡಿ ಎಂದು ಕಾರ್ಮಿಕರು ಬೀದಿಗಿಳಿದರು. ಆ ಡಿಸೆಂಬರ್‌ನಿಂದ ಸಿಕ್ಕಿದ್ದು 12,500 ಟಾಕಾ, ಆಗಿನ ದರದಲ್ಲಿ ಸುಮಾರು 9,400 ರೂಪಾಯಿ. ಇದರ ಮೇಲೆ ಅವರ ಬಟ್ಟೆಗೆ ಯುರೋಪಿನಲ್ಲಿ ಸುಂಕವಿಲ್ಲದೆ ಪ್ರವೇಶವಿತ್ತು. ನಮ್ಮದಕ್ಕೆ ಶೇ 10ರ ಆಸುಪಾಸು ಸುಂಕ. ಮಾತುಕತೆಗೆ ಕೂತಾಗ ಖರೀದಿದಾರನ ಕೈಯಲ್ಲಿ ಈ ಅಂಕಿಗಳೆಲ್ಲ ಇರುತ್ತವೆ.

ದೇಶದ ಒಳಗೂ ಇದೇ ಆಟದ ಸಣ್ಣ ರೂಪ ನಡೆಯುತ್ತದೆ. ಕನಿಷ್ಠ ಕೂಲಿಗೆ ವಲಯಗಳಿವೆ: ಬೆಂಗಳೂರಿಗೆ ಒಂದು ದರ, ತಾಲ್ಲೂಕಿಗೆ ಕಡಿಮೆ. ಕಾರ್ಖಾನೆಗಳು ರಾಮನಗರ, ಮದ್ದೂರು, ಮಂಡ್ಯ, ಹಾಸನ, ಶಿವಮೊಗ್ಗದ ಕಡೆ ಹೋದದ್ದಕ್ಕೆ ಇದೂ ಒಂದು ಕಾರಣ. ಅಲ್ಲೂ ಕೆಲಸ ಗಟ್ಟಿಯಲ್ಲ: ಶ್ರೀರಂಗಪಟ್ಟಣದ ಒಂದು ಕಾರ್ಖಾನೆ 2020ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ 1,200ಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕೆಲಸ ಕಳೆದುಕೊಂಡರು.

2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಅದೇ 600 ರೂಪಾಯಿಯ ಅಂಗಿಗೆ 300 ರೂಪಾಯಿ ಬಿತ್ತು, ಹೊಲಿದವಳ ಕೂಲಿಯ ಏಳು ಪಟ್ಟು. ಶೇ 50 ಸುಂಕ ಹೇರಿದರೂ ಲೋಕ ನಡೆಯುತ್ತದೆ, ಕೂಲಿ ಶೇ 50 ಹೆಚ್ಚಿಸಿದರೆ ಉದ್ಯಮವೇ ಮುಳುಗುತ್ತದೆ ಅನ್ನುತ್ತಾರೆ. ಈ ವಿಚಿತ್ರವನ್ನು ಯಾವ ಅರ್ಥಶಾಸ್ತ್ರಜ್ಞರಾದರೂ ನನಗೆ ಬಿಡಿಸಿ ಹೇಳಿದರೆ ಸಂತೋಷ.

ಮನೆಯ ಲೆಕ್ಕಕ್ಕೆ ಬರೋಣ. 13,000ದಲ್ಲಿ ಅವಳ ಪಾಲಿನ ಪಿಎಫ್ ಶೇ 12, ಅಂದರೆ 1,560. ಇಎಸ್‌ಐ ಶೇ 0.75, ಅಂದರೆ 97 ರೂಪಾಯಿ 50 ಪೈಸೆ. ಕೈಗೆ 11,342 ರೂಪಾಯಿ 50 ಪೈಸೆ. ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಗೆ 6,000 ಬಾಡಿಗೆ ಎಂದುಕೊಳ್ಳಿ, ಅಡ್ವಾನ್ಸ್ ಬೇರೆ. ಉಳಿದದ್ದು 5,342. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 178 ರೂಪಾಯಿ. ವರ್ಷಕ್ಕೊಮ್ಮೆ ಬರುವ ಬೋನಸ್ ಕೈ ಸಾಲದ ಬಾಯಿಗೆ ಹೋಗುತ್ತದೆ.

178ನ್ನು ನೋಡಿದಾಗ ಒಂದು ಕ್ಷಣ ಪೆನ್ಸಿಲ್ ಕೆಳಗಿಟ್ಟೆ. ಈ ಅಂಕಿಯನ್ನು ಬೇರೆ ಕಡೆ ನೋಡಿದ್ದೆ. 2019ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಗೊತ್ತುಮಾಡಿದ ದಿನದ ತಳಮಟ್ಟದ ಕೂಲಿ ಅಷ್ಟೇ: 178 ರೂಪಾಯಿ. ಹಿಂದಿನದು 176 ಇತ್ತು. ಎರಡು ವರ್ಷ ಕಾದು ಎರಡು ರೂಪಾಯಿ ಏರಿಸಿದ್ದರು. ಅದೇ ವರ್ಷದ ಆರಂಭದಲ್ಲಿ ಅನೂಪ್ ಸತ್ಪತಿ ನೇತೃತ್ವದ, ಸರ್ಕಾರವೇ ನೇಮಿಸಿದ ತಜ್ಞ ಸಮಿತಿ ಹೇಳಿದ್ದು ದಿನಕ್ಕೆ 375. ಆ ಸಮಿತಿ ಊಟವನ್ನು 2,700ರಿಂದ 2,400 ಕ್ಯಾಲೊರಿಗೆ ಇಳಿಸಿ, ಸಂಸಾರವನ್ನು 3ರಿಂದ 3.6 ಯೂನಿಟ್‌ಗೆ ಏರಿಸಿ ಲೆಕ್ಕ ಹಾಕಿತ್ತು. ತನ್ನ ತಜ್ಞರು ಹೇಳಿದ್ದರ ಅರ್ಧಕ್ಕಿಂತ ಕಡಿಮೆಯನ್ನು ಸರ್ಕಾರ ಒಪ್ಪಿತು. ನನ್ನ ಲೆಕ್ಕದ 178 ಬರಿಯ ಕಾಕತಾಳೀಯ, ಬಾಡಿಗೆ 6,500 ಹಿಡಿದಿದ್ದರೆ 161 ಬರುತ್ತಿತ್ತು. ದೇಶ ಇದಕ್ಕಿಂತ ಕೆಳಗೆ ಹೋಗಬಾರದು ಅಂದ ಕೂಲಿಯಲ್ಲಿ ಬಾಡಿಗೆಯೂ ಸೇರಿದೆ ಎಂಬುದನ್ನು ಮಾತ್ರ ಮರೆಯಬೇಡಿ.

ರಾಜ್ಯದ ಗ್ಯಾರಂಟಿಗಳು ಈ ಮನೆಗೆ ನಿಜವಾಗಿ ಮುಟ್ಟಿವೆ. 2023ರ ಜೂನ್ 11ರಿಂದ ಬಸ್ಸಿಗೆ ದುಡ್ಡಿಲ್ಲ. ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000. ಕೈಗೆ ಬರುವ ಸಂಬಳದ ಮೇಲೆ ಅದು ಶೇ 17ಕ್ಕೂ ಹೆಚ್ಚು. ಒಂದೇ ಸಲಕ್ಕೆ ಅಷ್ಟು ಏರಿಸುವ ಮಾಲೀಕರು ವಿರಳ. ಇದನ್ನು ಇನ್ನೊಂದು ಮಗ್ಗುಲಿನಿಂದ ನೋಡಿ. ಅವಳ ಪಾಲಿಗೆ ತಿಂಗಳಿಗೆ 312 ಅಂಗಿ. 2,000ವನ್ನು ಅದಕ್ಕೆ ಹಂಚಿದರೆ ಅಂಗಿಗೆ 6 ರೂಪಾಯಿ 40 ಪೈಸೆ. ಕೂಲಿಯಲ್ಲಿ ತುಂಬದ ಹೊಟ್ಟೆಯನ್ನು ಕರ್ನಾಟಕದ ಖಜಾನೆ ತುಂಬಿಸುತ್ತಿದೆ, ಅಂಗಿ ಪ್ಯಾರಿಸ್ಸಿನಲ್ಲಿ ಅಗ್ಗವಾಗಿ ಮಾರಾಟವಾಗುತ್ತಿದೆ. ಗ್ಯಾರಂಟಿಗಳನ್ನು ಬಿಟ್ಟಿ ಭಾಗ್ಯ ಎಂದು ಹಳಿಯುವವರು ಈ ಬಿಟ್ಟಿ ಯಾರ ಪಾಲಿಗೆ ಹೋಗುತ್ತಿದೆ ಎಂದು ಒಮ್ಮೆ ಗುಣಿಸಿ ನೋಡಲಿ.

ಕರ್ನಾಟಕದ ತಲಾ ಆದಾಯ 2023-24ರಲ್ಲಿ ಸುಮಾರು 3.3 ಲಕ್ಷ ರೂಪಾಯಿ. ದೇಶದ ಮುಂಚೂಣಿ ರಾಜ್ಯಗಳಲ್ಲಿ ನಾವಿದ್ದೇವೆ ಎಂದು ಹೆಮ್ಮೆಪಡುವ ಅಂಕಿ. ನಮ್ಮ ಲೆಕ್ಕದ ಹೆಂಗಸಿನ ವರ್ಷದ ಸಂಬಳ 1.56 ಲಕ್ಷ. ಗಂಡನೂ ಅಷ್ಟೇ ತಂದರೆ ನಾಲ್ಕು ತಲೆಗೆ 3.12 ಲಕ್ಷ, ತಲೆಗೆ 78,000. ಇಬ್ಬರು ದುಡಿದರೂ ರಾಜ್ಯದ ಸರಾಸರಿಯ ಕಾಲು ಭಾಗ ಮುಟ್ಟುವುದಿಲ್ಲ.

ಇನ್ನೊಂದು ತುದಿಯ ಅಂಕಿಯನ್ನೂ ಕೊಡುತ್ತೇನೆ. ಸ್ಪೇನಿನ ಕೊರುನ್ಯಾ ಊರಿನಲ್ಲಿ ಒಂದು ಅಂಗಿ ಅಂಗಡಿಗೆ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿದವರು ಅಮಾನ್ಸಿಯೊ ಒರ್ಟೆಗಾ. ತಂದೆ ರೈಲ್ವೆ ಕಾರ್ಮಿಕ. ಮುಂದೆ ಝಾರಾ ಕಟ್ಟಿದರು. ಅದರ ಮಾತೃಸಂಸ್ಥೆ ಇಂಡಿಟೆಕ್ಸ್‌ನಲ್ಲಿ ಅವರ ಪಾಲು ಶೇ 59. 2025ರಲ್ಲಿ ಷೇರಿಗೆ 1.68 ಯೂರೋದಂತೆ ಡಿವಿಡೆಂಡ್ ಎಂದು ಅವರಿಗೆ ಸಂದದ್ದು ಸುಮಾರು 310 ಕೋಟಿ ಯೂರೋ. ನಮ್ಮ ಸುಲಭದ ದರದಲ್ಲಿ 31,000 ಕೋಟಿ ರೂಪಾಯಿ. 1.56 ಲಕ್ಷದಿಂದ ಭಾಗಿಸಿದರೆ ಸುಮಾರು 20 ಲಕ್ಷ ಹೊಲಿಗೆಯವರ ಒಂದು ವರ್ಷದ ಸಂಬಳ. ಕರ್ನಾಟಕದ 4 ಲಕ್ಷ ಮಂದಿ ಐದು ವರ್ಷ ದುಡಿಯಬೇಕು. ಅವರ ಬಟ್ಟೆ ಹೊಲಿಯುವವರೆಲ್ಲ ನಮ್ಮವರು ಎಂದು ನಾನು ಹೇಳುತ್ತಿಲ್ಲ. ಅಳತೆಗೋಲು ಬೇಕಿತ್ತು, ತೆಗೆದುಕೊಂಡೆ. ಅವರು ಕದ್ದರು ಎಂದೂ ಅಲ್ಲ, ಅದು ನ್ಯಾಯಬದ್ಧ ಆದಾಯ, ತೆರಿಗೆ ಕಟ್ಟುವ ಆದಾಯ. ಅಂಗಿ ಅಂಗಡಿಯ ಹುಡುಗ ಮೇಲೆ ಬಂದ ಕಥೆ ಎಲ್ಲರಿಗೂ ಇಷ್ಟ. 20 ಲಕ್ಷದಲ್ಲಿ ಒಬ್ಬರು ಬಂದರು ಎಂಬುದು ಆ ಕಥೆಯ ಅಂಕಿ-ಅಂಶ.

ಇವರಿಗೆ ಸಿಟ್ಟು ಬರುವುದೇ ಇಲ್ಲವೇ ಎಂದು ಕೇಳುವವರಿದ್ದಾರೆ. 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿ ಸಿಕ್ಕಿಕೊಂಡಿದ್ದವರಿಗೆ ಆ ಪ್ರಶ್ನೆ ಬರುವುದಿಲ್ಲ. ಕಂಪನಿ ಕಟ್ಟುವ ಪಾಲಿನ ಪಿಎಫ್ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಅಧಿಸೂಚನೆ ಹೊರಡಿಸಿತ್ತು. ಮಗಳ ಮದುವೆಗೋ ಸಾಲಕ್ಕೋ ಇವರಿಗಿರುವ ಇಡುಗಂಟು ಅದೊಂದೇ. ನಾಯಕರಿಲ್ಲದೆ, ಬ್ಯಾನರ್ ಇಲ್ಲದೆ ಸಾವಿರಗಟ್ಟಲೆ ಹೆಂಗಸರು ರಸ್ತೆಗೆ ಬಂದರು. ಎರಡನೆಯ ದಿನವೇ ದೆಹಲಿ ಆ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊಸ ಕನಿಷ್ಠ ಕೂಲಿಯ ಕರಡು ಹೊರಡಿಸಿತು. ರೆಪ್ಟಕೋಸ್ ಸೂತ್ರವನ್ನು ಹಿಡಿದು ಹಾಕಿದ ಆ ಲೆಕ್ಕದಲ್ಲಿ ಅತಿ ಕೆಳಗಿನ ದರವೂ ತಿಂಗಳಿಗೆ 19,000 ದಾಟಿತ್ತು. ಮಾಲೀಕರ ಸಂಘಗಳು ಆಕ್ಷೇಪಿಸಿದವು. 19,000ವನ್ನು 312 ಅಂಗಿಗೆ ಹಂಚಿದರೆ ಅಂಗಿಗೆ 61 ರೂಪಾಯಿ. ಈಗಿನದಕ್ಕಿಂತ 19 ರೂಪಾಯಿ ಹೆಚ್ಚು. ಜಗಳ 3,000 ರೂಪಾಯಿಯ ಅಂಗಿಯೊಂದರ 19 ರೂಪಾಯಿಗೆ.

ಅದಕ್ಕಿಂತ ಸಣ್ಣ ಮೊತ್ತಕ್ಕೂ ಜಗಳವಾಗಿದೆ. 2020ರ ಏಪ್ರಿಲ್‌ನಿಂದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ ಏರಬೇಕಿತ್ತು. ಇದು ಕೂಲಿ ಏರಿಕೆಯಲ್ಲ, ಅಕ್ಕಿ ಬೇಳೆ ತುಟ್ಟಿಯಾದಷ್ಟನ್ನು ತುಂಬಿಕೊಡುವ ಹಣ. ಕೋವಿಡ್ ಹೆಸರಿನಲ್ಲಿ ಸರ್ಕಾರ ಅದನ್ನು ಮುಂದೂಡಿತು. ಆ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮುಂದೂಡಿಕೆಗೆ ತಡೆ ಕೊಟ್ಟ ಮೇಲೂ ಕಾರ್ಖಾನೆಗಳು ಕೊಡಲಿಲ್ಲ. 20 ತಿಂಗಳಿಗೆ ತಲೆಗೆ 8,352 ರೂಪಾಯಿ, 4 ಲಕ್ಷ ಮಂದಿಗೆ 334 ಕೋಟಿ ಬಾಕಿ ನಿಂತಿತು. ಕಾರ್ಮಿಕ ಸಂಘಗಳು ಇಲ್ಲಿ ಬೆನ್ನು ಬಿದ್ದು, ವಿದೇಶದ ಪತ್ರಿಕೆಗಳಲ್ಲಿ ಬ್ರ್ಯಾಂಡ್‌ಗಳ ಹೆಸರು ಬಂದ ಮೇಲೆ, 2022ರ ಆರಂಭದಲ್ಲಿ ಬಾಕಿ ಸಂದಾಯ ಶುರುವಾಯಿತು.

417 ರೂಪಾಯಿ 60 ಪೈಸೆಯನ್ನು 312 ಅಂಗಿಗೆ ಹಂಚಿದರೆ ಅಂಗಿಯೊಂದಕ್ಕೆ 1 ರೂಪಾಯಿ 34 ಪೈಸೆ. ಅದು ಕೈಗೆ ಬರಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು.